ಚಪ್ಪಲಿ ಕಾಯುತ್ತಿದ್ದ ಹುಡುಗ: ಒಂದು ಪ್ರಕರಣ

"ಅರಿಶಿನ ಶಾಸ್ತ್ರ ಬಿಟ್ಟು ಮದುವೆ ಆಗಬಹುದಾ ಸಾರ್?"

ಬಂದು ಕೂತು ನಲವತ್ತು ನಿಮಿಷ ಆದ ಮೇಲೆ ಅವನು ಕೇಳಿದ ಮೊದಲ ನಿಜವಾದ ಪ್ರಶ್ನೆ ಇದು. ಅಲ್ಲಿಯವರೆಗೆ ಕತ್ತು ನೋವಿನ ಬಗ್ಗೆ ಮಾತಾಡಿದ್ದ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆಯಲ್ಲಿ ಏನೂ ತೊಂದರೆಯಿಲ್ಲ, ಒಮ್ಮೆ ಕೌನ್ಸೆಲಿಂಗ್‌ಗೆ ಹೋಗಿ ಬಾ ಅಂತ ಕಳಿಸಿದ್ದರು. ಅಷ್ಟು ಹೊತ್ತೂ ಲ್ಯಾಪ್‌ಟಾಪ್ ಬ್ಯಾಗು ಅವನ ತೊಡೆಯ ಮೇಲೇ ಇತ್ತು. ಪಕ್ಕದಲ್ಲಿ ಖಾಲಿ ಕುರ್ಚಿ ಇದ್ದರೂ ಇಡಲಿಲ್ಲ.

ಹೆಸರು ಮಂಜು ಅಂತಿಟ್ಟುಕೊಳ್ಳಿ. ಕರ್ನಾಟಕದ ಯಾವ ಬಸ್‌ಸ್ಟ್ಯಾಂಡಿನಲ್ಲಾದರೂ "ಮಂಜೂ" ಅಂತ ಕೂಗಿದರೆ ನಾಲ್ಕು ಜನ ತಿರುಗುತ್ತಾರೆ. ಹಾಗಾಗಿ ಈ ಹೆಸರಿನಿಂದ ಯಾರೂ ಸಿಕ್ಕಿಬೀಳುವುದಿಲ್ಲ. ಊರು, ಕೆಲಸ, ಮನೆಯವರ ವಿವರ ಎಲ್ಲ ಬದಲಿಸಿದ್ದೇನೆ. ಇಂಥದ್ದೇ ತೊಂದರೆ ಇಟ್ಟುಕೊಂಡು ನನ್ನ ಬಳಿ ಬಂದಿದ್ದ ಇನ್ನಿಬ್ಬರ ಕೆಲವು ಸಂಗತಿಗಳೂ ಇದರಲ್ಲಿ ಬೆರೆತಿವೆ. ಬರೆದದ್ದನ್ನು ಮೊದಲು ಅವನಿಗೇ ಓದಲು ಕೊಟ್ಟೆ. "ಗಡ್ಡದ ವಿಷಯ ತೆಗೀರಿ ಸಾರ್, ಗೊತ್ತಾಗಿಬಿಡುತ್ತೆ" ಅಂದ. ತೆಗೆದಿದ್ದೇನೆ.

ಹಿನ್ನೆಲೆ

ವಯಸ್ಸು 27. ಮಲೆನಾಡಿನ ಕಡೆಯವನು, ಬೆಂಗಳೂರಿನಲ್ಲಿ ಕೆಲಸ. ನೋಡಲು ಸಾಧಾರಣ ಮೈಕಟ್ಟು, ದಪ್ಪವೂ ಅಲ್ಲ, ಸಣಕಲೂ ಅಲ್ಲ. ಹದಿಮೂರನೇ ವಯಸ್ಸಿನಲ್ಲಿ ಎದೆಯ ತೊಟ್ಟಿನ ಹಿಂದೆ ಗಂಟು ಕಾಣಿಸಿಕೊಂಡಿತ್ತು. ಇದಕ್ಕೆ ಗೈನಕೋಮಾಸ್ಟಿಯಾ ಅನ್ನುತ್ತಾರೆ. ಗಂಡುಹುಡುಗರಲ್ಲಿ ಹಾರ್ಮೋನು ಏರುಪೇರಾಗುವ ಆ ವಯಸ್ಸಿನಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಸ್ವಲ್ಪವಾದರೂ ಆಗುತ್ತದೆ. ಹೆಚ್ಚಿನವರಿಗೆ ಎರಡು ವರ್ಷದೊಳಗೆ ತಾನಾಗಿ ಕರಗುತ್ತದೆ. ಕೆಲವರಿಗೆ ಕರಗುವುದಿಲ್ಲ, ಗಟ್ಟಿಯಾಗಿ ಉಳಿದುಬಿಡುತ್ತದೆ. ಮಂಜು ಆ ಕೆಲವರಲ್ಲಿ ಒಬ್ಬ.

ಇಷ್ಟನ್ನು ಆಗ ಯಾರಾದರೂ ಅವನಿಗೆ ಹೇಳಿದ್ದರೆ! ಹೇಳಲಿಲ್ಲ. ಶಾಲೆಯ ಕಬಡ್ಡಿಯಲ್ಲಿ ಒಂದು ಟೀಮು ಅಂಗಿ ತೆಗೆದು ಆಡಬೇಕಿತ್ತು, ಗುರುತಿಗೆ. ಅವತ್ತು ಗೆಳೆಯನೊಬ್ಬ ಅವನಿಗೊಂದು ಹುಡುಗಿಯ ಹೆಸರಿಟ್ಟ. ಹತ್ತನೇ ಕ್ಲಾಸು ಮುಗಿಯುವವರೆಗೂ ಅದೇ ಹೆಸರು. ಹೆಸರಿಟ್ಟವನು ಈಗಲೂ ಸಿಗುತ್ತಾನಂತೆ, ತುಂಬಾ ಒಳ್ಳೆಯವನಂತೆ, ಅವನಿಗೆ ಅದು ನೆನಪೇ ಇಲ್ಲವಂತೆ.

ಅಲ್ಲಿಂದ ಶುರುವಾಯಿತು ಮುಚ್ಚಿಡುವ ಕೆಲಸ. ಕೆರೆಗೆ ಈಜಲು ಹೋಗುವುದು ನಿಂತಿತು. ಬಿಗಿ ಬನಿಯನ್ ಮೇಲೆ ಇನ್ನೊಂದು ಬನಿಯನ್. ಅಂಗಿ ಯಾವಾಗಲೂ ಗಾಢ ಬಣ್ಣದ ಚೌಕಳಿ, ಎರಡು ಜೇಬಿನದು. ಭುಜ ಮುಂದಕ್ಕೆ ಬಾಗಿಸಿ ನಡೆದರೆ ಎದೆ ಒಳಗೆ ಹೋಗುತ್ತದೆ ಅಂತ ಗೂನು ಹಾಕಿ ನಡೆಯುವುದು. ಹದಿನಾಲ್ಕು ವರ್ಷ ಹಾಗೆ ನಡೆದರೆ ಕತ್ತು ನೋಯದೆ ಇರುತ್ತದಾ? ಬೈಕಿನಲ್ಲಿ ಗಾಳಿಗೆ ಅಂಗಿ ಎದೆಗೆ ಅಂಟುತ್ತದೆ ಅಂತ ಬ್ಯಾಗನ್ನು ಮುಂದಕ್ಕೆ ಹಾಕಿಕೊಳ್ಳುತ್ತಿದ್ದ. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಇಂಥವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಕಳ್ಳರ ಭಯ ಅಂದುಕೊಂಡಿದ್ದೆ.

ಮನೆಯವರು ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗುವವರು. ಅಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದು ದರ್ಶನಕ್ಕೆ ಹೋಗಬೇಕು. ಹದಿನಾಲ್ಕು ವರ್ಷದಿಂದ ಮಂಜು ಒಳಗೆ ಹೋಗಿರಲಿಲ್ಲ. "ನೀವೆಲ್ಲ ಹೋಗಿ ಬನ್ನಿ, ನಾನು ಚಪ್ಪಲಿ, ಬ್ಯಾಗು ನೋಡ್ಕೋತೀನಿ" ಅನ್ನುತ್ತಿದ್ದ. ನೇತ್ರಾವತಿಯಲ್ಲಿ ಸ್ನಾನಕ್ಕೂ ಇಳಿಯುತ್ತಿರಲಿಲ್ಲ, ನೆಗಡಿ ಅನ್ನುತ್ತಿದ್ದ. ಅಮ್ಮನ ಕಣ್ಣಿಗೆ ಮಗ ಜವಾಬ್ದಾರಿಯ ಹುಡುಗ. ಅಪ್ಪನ ಕಣ್ಣಿಗೆ ನಾಸ್ತಿಕ.

ಬಂದಾಗ ಇದ್ದ ಸ್ಥಿತಿ

ಮದುವೆಗೆ ಎಂಟು ವಾರ ಇತ್ತು. ಅವರ ಮನೆಯಲ್ಲಿ ಚಪ್ಪರದ ದಿನ ಮದುಮಗನನ್ನು ಬರಿ ಮೈಯಲ್ಲಿ ಕೂರಿಸಿ, ಅತ್ತೆ, ಚಿಕ್ಕಮ್ಮ, ಅತ್ತಿಗೆಯರೆಲ್ಲ ಎಣ್ಣೆ, ಅರಿಶಿನ ಹಚ್ಚುತ್ತಾರೆ. ಮೊದಲು ಮನೆಯೊಳಗಿನ ಶಾಸ್ತ್ರವಾಗಿತ್ತು. ಈಗ ಫೋಟೋಗ್ರಾಫರು, ವಿಡಿಯೋದವರು, ಹಿಂದೆ ಹಳದಿ ಪರದೆ. ರಾತ್ರಿಯೆಲ್ಲ ಆ ಫೋಟೋ ಕಣ್ಣ ಮುಂದೆ ಬರುತ್ತದೆ ಅಂದ. ಒಂದು ರಾತ್ರಿ ಎರಡು ಗಂಟೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416ಕ್ಕೆ ಫೋನು ಮಾಡಿ, ಕನ್ನಡ ಆರಿಸಿ, ಆ ಕಡೆ ದನಿ ಕೇಳಿದ ಕೂಡಲೇ ಇಟ್ಟಿದ್ದನಂತೆ.

ಈಗ ನನ್ನ ತಪ್ಪು. ಮೊದಲ ದಿನ ನಾನು ಹೇಳಿದ್ದು, "ನೋಡಪ್ಪ, ನನಗಂತೂ ಏನೂ ಕಾಣಿಸ್ತಾ ಇಲ್ಲ. ಚೆನ್ನಾಗೇ ಇದ್ದೀಯಲ್ಲ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೆ. ಅವನು ತಲೆಯಾಡಿಸಿ ಎದ್ದು ಹೋದ. ತಿಂಗಳುಗಳ ನಂತರ ಅದರ ಬಗ್ಗೆ ಕೇಳಿದಾಗ ಅವನು ಅಂದದ್ದು: "ಎರಡು ಬನಿಯನ್, ಮೇಲೆ ದಪ್ಪ ಅಂಗಿ, ಅದರ ಮೇಲೆ ಬ್ಯಾಗು. ಕಾಣಿಸಬಾರದು ಅಂತಲೇ ಅಷ್ಟೆಲ್ಲ ಹಾಕಿದ್ದೆ. ನೀವು ಕಾಣಿಸ್ತಿಲ್ಲ ಅಂದ್ರೆ ಇನ್ನೊಂದು ಬನಿಯನ್ ಹಾಕಿದ್ರೂ ತಪ್ಪಿಲ್ಲ ಅನ್ನಿಸ್ತು." ನನ್ನ ಸಮಾಧಾನದ ಮಾತು ಅವನ ಬನಿಯನ್ನಿಗೆ ಸರ್ಟಿಫಿಕೇಟು ಕೊಟ್ಟಂತಾಗಿತ್ತು.

ಎರಡನೇ ಸಲ ಬಂದಾಗ ದಾರಿ ಬದಲಿಸಿದೆ. ಎದೆ ಹೇಗಿದೆ ಅನ್ನುವ ವಾದಕ್ಕೇ ಇಳಿಯಲಿಲ್ಲ. ಅದಕ್ಕಾಗಿ ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ ಅಂತ ಕೇಳಿದೆ. ಗೊತ್ತಿಲ್ಲ ಅಂದ. ಒಂದು ಚಿಕ್ಕ ನೋಟ್‌ಬುಕ್ ಕೊಟ್ಟು, ಎದೆ ನೋಡಿಕೊಂಡಾಗಲೆಲ್ಲ ಒಂದು ಗೀಟು ಹಾಕು ಅಂದೆ. ಲಿಫ್ಟಿನ ಕನ್ನಡಿ, ಕಾರಿನ ಗಾಜು, ಬಾತ್‌ರೂಮು, ಫೋನಿನ ಕ್ಯಾಮೆರಾ, ಅಂಗಿ ಸರಿಮಾಡಿಕೊಳ್ಳುವ ನೆಪದಲ್ಲಿ ಮುಟ್ಟಿ ನೋಡುವುದು ಎಲ್ಲ ಲೆಕ್ಕ. ಒಂದೇ ದಿನ 31 ಗೀಟು ಬಂತು. ಅವನೇ ಬೆಚ್ಚಿಬಿದ್ದ. ಬೆಳಿಗ್ಗೆ ಅಂಗಿ ಆರಿಸಲು ಮುಕ್ಕಾಲು ಗಂಟೆ ಹೋಗುತ್ತಿತ್ತು.

ಇದಕ್ಕೊಂದು ಹೆಸರು ಕೊಡಬೇಕಾ ಅಂತ ನಾನೂ ಯೋಚಿಸಿದೆ. ದೇಹದಲ್ಲಿ ಇಲ್ಲದ ಅಥವಾ ಕಣ್ಣಿಗೆ ಬೀಳದಷ್ಟು ಸಣ್ಣ ಕೊರತೆಯನ್ನೇ ಹಗಲು ರಾತ್ರಿ ಯೋಚಿಸುವುದಕ್ಕೆ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಅನ್ನುತ್ತಾರೆ. ಮೈ ಎಷ್ಟು ಬೆಳೆದರೂ ತಾನು ಸಣಕಲು ಅಂತಲೇ ಅನ್ನಿಸುವ ಅದರ ಇನ್ನೊಂದು ರೂಪವೂ ಇದೆ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಜೊತೆಗಾರರು ಬಾಡಿಬಿಲ್ಡರುಗಳಲ್ಲಿ ಅದನ್ನು ಗಮನಿಸಿ 1993ರಲ್ಲಿ ಬರೆದರು. 1997ರಲ್ಲಿ ಅದಕ್ಕೆ ಮಸಲ್ ಡಿಸ್ಮಾರ್ಫಿಯಾ ಅಂತ ಹೆಸರು ಬಂತು. ಮಂಜು ಎರಡಕ್ಕೂ ಸರಿಯಾಗಿ ಹೊಂದುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಗಂಟು ಇತ್ತು. ಆದರೆ ಆ ಗಂಟಿನ ಗಾತ್ರಕ್ಕೂ ಅದು ತಿನ್ನುತ್ತಿದ್ದ ಸಮಯಕ್ಕೂ ಏನೇನೂ ತಾಳಮೇಳ ಇರಲಿಲ್ಲ. ಹೆಸರು ಕೊಡುವುದನ್ನು ಬಿಟ್ಟೆ.

ನಾಲ್ಕನೇ ಭೇಟಿ

ಮೊದಲ ಮೂರು ಭೇಟಿಯಲ್ಲಿ ನಾನು ಕೇಳದೇ ಬಿಟ್ಟ ಒಂದು ಪ್ರಶ್ನೆ ಇತ್ತು. ಜಿಮ್ಮಿಗೆ ಹೋಗುತ್ತಿದ್ದೆ ಅಂತ ಅವನು ಮೊದಲ ದಿನವೇ ಹೇಳಿದ್ದ. ಬೆಂಚ್ ಪ್ರೆಸ್ ಹೊಡೆದೂ ಹೊಡೆದೂ ಎದೆಯ ಸ್ನಾಯು ಬೆಳೆದಿತ್ತು. ಆದರೆ ಸ್ನಾಯು ಬೆಳೆದರೆ ಗಂಟು ಕರಗುವುದಿಲ್ಲ. ಕೆಳಗಿನ ಸ್ನಾಯು ಉಬ್ಬಿ ಮೇಲಿನ ಗಂಟು ಇನ್ನಷ್ಟು ಮುಂದೆ ಬಂದಿತ್ತು. ಇದಿಷ್ಟು ನನಗೆ ಗೊತ್ತಿತ್ತು. ಬೇರೇನಾದರೂ ತಗೊಂಡೆಯಾ ಅಂತ ಮಾತ್ರ ಕೇಳಿರಲಿಲ್ಲ. ಪ್ರೋಟೀನ್ ಪುಡಿ ಅಂದುಕೊಂಡು ಸುಮ್ಮನಾಗಿದ್ದೆ.

ನಾಲ್ಕನೇ ಸಲ ಬಂದಾಗ ಮುಖ ಬಾಡಿತ್ತು. ಬೆಳಿಗ್ಗೆ ಏಳಲಾಗುವುದಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದ. ಸ್ವಲ್ಪ ತಡೆದು, "ಅದೂ ಇಲ್ಲ ಸಾರ್" ಅಂದ. ತೊಟ್ಟು ಮುಟ್ಟಿದರೆ ನೋಯುತ್ತದೆ ಅಂತಲೂ ಹೇಳಿದ. ಆಗ ಹೊಳೆಯಿತು. "ಕೋರ್ಸ್ ಹಾಕಿದ್ದೀಯಾ?" ಅಂದೆ. ಜಿಮ್ಮಿನ ಹುಡುಗರ ಮಾತಿನಲ್ಲಿ ಕೋರ್ಸ್ ಅಂದರೆ ಸ್ಟೆರಾಯ್ಡ್. ಅವನು ನೆಲ ನೋಡುತ್ತಾ ಎರಡು ಬೆರಳು ತೋರಿಸಿದ.

ಒಂದು 24ನೇ ವಯಸ್ಸಿನಲ್ಲಿ, ಇನ್ನೊಂದು ನಿಶ್ಚಿತಾರ್ಥ ಆದ ಮೇಲೆ. ಅಲ್ಲಿನ ಟ್ರೈನರ್ ಒಬ್ಬ, "ಹನ್ನೆರಡು ವಾರ ಹಾಕು, ಎದೆ ಕಲ್ಲು ಥರ ಆಗುತ್ತೆ" ಅಂದಿದ್ದ. ಟೆಸ್ಟೊಸ್ಟೆರಾನ್ ಅನ್ನುವ ಗಂಡಸರ ಹಾರ್ಮೋನಿನ ಇಂಜೆಕ್ಷನ್, ಜೊತೆಗೊಂದು ಮಾತ್ರೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ ಜಿಮ್ಮಿನ ಲಾಕರಿನಿಂದ ಬರುತ್ತಿತ್ತು. ನನ್ನ ಹತ್ತಿರ ಬರುವ ಎರಡು ತಿಂಗಳ ಮೊದಲು ನಿಲ್ಲಿಸಿದ್ದ.

ಇದರ ವ್ಯಂಗ್ಯ ನೋಡಿ. ಹೊರಗಿನಿಂದ ಜಾಸ್ತಿ ಟೆಸ್ಟೊಸ್ಟೆರಾನ್ ಬಂದರೆ ದೇಹ ಅದರಲ್ಲಿ ಒಂದು ಪಾಲನ್ನು ಈಸ್ಟ್ರೊಜೆನ್ ಆಗಿ ಬದಲಿಸುತ್ತದೆ. ಹೆಂಗಸರ ಎದೆ ಬೆಳೆಸುವ ಹಾರ್ಮೋನು ಅದೇ. ಅಂದರೆ ಗಂಟು ಕರಗಿಸಲು ತಗೊಂಡ ಮದ್ದೇ ಗಂಟಿಗೆ ಗೊಬ್ಬರ ಹಾಕುತ್ತಿತ್ತು. ಇನ್ನೊಂದು ಕಡೆ, ಹೊರಗಿನಿಂದ ಸಿಗುತ್ತಿದೆಯಲ್ಲ ಅಂತ ದೇಹ ತನ್ನ ನಲ್ಲಿ ಬಂದ್ ಮಾಡುತ್ತದೆ. ಇಂಜೆಕ್ಷನ್ ನಿಲ್ಲಿಸಿದ ಕೂಡಲೇ ಆ ನಲ್ಲಿ ತೆರೆಯುವುದಿಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ಸಮಯದಲ್ಲಿ ಸುಸ್ತು, ಬೇಸರ, ಆಸೆ ಇಲ್ಲದಿರುವುದು ಎಲ್ಲ ಆಗಬಹುದು. ವೀರ್ಯಾಣುಗಳೂ ಕಡಿಮೆಯಾಗುತ್ತವೆ. ಮಂಜುಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನ ಲೆಕ್ಕ ಬೇರೆಯೇ ಇತ್ತು. ಶಾಲೆಯಲ್ಲಿ ಇಟ್ಟ ಹೆಸರು ಕೊನೆಗೂ ನಿಜವಾಯಿತು, ತಾನು ಗಂಡಸೇ ಅಲ್ಲ, ಮದುವೆಯಾಗಿ ಆ ಹುಡುಗಿಗೆ ಮೋಸ ಮಾಡುತ್ತಿದ್ದೇನೆ. ಸತ್ತುಹೋದರೆ ವಾಸಿ ಅನ್ನಿಸಿದ್ದುಂಟಾ ಅಂತ ನೇರವಾಗಿ ಕೇಳಿದೆ. ಅನ್ನಿಸಿತ್ತು, ಆದರೆ ಏನು ಮಾಡಿಕೊಳ್ಳಬೇಕು ಅಂತ ಯೋಚಿಸಿರಲಿಲ್ಲ. ಅವತ್ತು ಅವನ ಅಣ್ಣನಿಗೆ ಫೋನು ಮಾಡಿಸಿ, ಅಣ್ಣ ಬರುವವರೆಗೆ ಬಿಡಲಿಲ್ಲ.

ಅಣ್ಣನಿಗೆ ವಿಷಯ ಗೊತ್ತಾದದ್ದು ಹಾಗೆ. ಹದಿನಾಲ್ಕು ವರ್ಷದಲ್ಲಿ ಗೊತ್ತಾದ ಮೊದಲ ವ್ಯಕ್ತಿ. "ಅಷ್ಟೇನಾ? ನಾನು ನೀನು ಸಾಲ ಮಾಡ್ಕೊಂಡಿದ್ದೀಯ ಅಂದ್ಕೊಂಡಿದ್ದೆ" ಅಂದನಂತೆ.

ಆಪರೇಷನ್ ಈಗಲೋ ಆಮೇಲೋ

ಮಂಜು ಹಾರ್ಮೋನು ತಜ್ಞರ ಬಳಿ ಹೋದ. ರಕ್ತದಲ್ಲಿ ಟೆಸ್ಟೊಸ್ಟೆರಾನ್ ಕಡಿಮೆ, ಅದನ್ನು ತಯಾರಿಸು ಅಂತ ಮೆದುಳಿನಿಂದ ಬರುವ ಎಲ್‌ಎಚ್ ಅನ್ನುವ ಹಾರ್ಮೋನು ಕೂಡ ಕಡಿಮೆ. ಥೈರಾಯ್ಡ್, ಲಿವರ್, ಎದೆಹಾಲಿಗೆ ಸಂಬಂಧಿಸಿದ ಪ್ರೊಲ್ಯಾಕ್ಟಿನ್ ಹಾರ್ಮೋನು ಸರಿ ಇದ್ದವು. ವೃಷಣದಲ್ಲಿ ಗಡ್ಡೆಯೂ ಇರಲಿಲ್ಲ. ಎದೆಯ ಗಂಟಿಗೆ ಇವೂ ಕಾರಣ ಆಗಬಹುದಾದ್ದರಿಂದ ನೋಡಲೇಬೇಕು. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡೋಣ, ಅಲ್ಲಿಯವರೆಗೆ ಇನ್ಯಾವ ಇಂಜೆಕ್ಷನ್ನೂ ಬೇಡ ಅಂದರು.

ಅವನಿಗೆ ಮೂರು ತಿಂಗಳು ಕಾಯುವ ವ್ಯವಧಾನ ಇರಲಿಲ್ಲ. ಮದುವೆಗೆ ಐದು ವಾರಕ್ಕಿಂತ ಕಡಿಮೆ ಇತ್ತು. ಪರ್ಸನಲ್ ಲೋನ್ ತೆಗೆದು ಕೂಡಲೇ ಆಪರೇಷನ್ ಮಾಡಿಸಿಕೊಳ್ಳುವ ಯೋಚನೆ. ಬೇಡ ಅಂತ ನಾನು ಹೇಳಲಿಲ್ಲ. ಒಬ್ಬ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಕೇಳಿಕೊಂಡು ಬಾ ಅಂದೆ. ಅವರು ಪುಣ್ಯಾತ್ಮರು, ಸಿಕ್ಕಿದ ಗಿರಾಕಿಯನ್ನು ವಾಪಸ್ ಕಳಿಸಿದರು. ಗಂಟು ಇರುವುದು ನಿಜ, ಇಷ್ಟು ವರ್ಷ ಆದ ಮೇಲೆ ಮಾತ್ರೆಯಿಂದ ಹೋಗುವುದಿಲ್ಲ, ತೆಗೆಯಬಹುದು. ಆದರೆ ಹಾರ್ಮೋನು ಹತೋಟಿಗೆ ಬರುವ ಮೊದಲು ತೆಗೆದರೆ ಮತ್ತೆ ಬರಬಹುದು. ಆಪರೇಷನ್ ಆದ ಮೇಲೆ ಕೆಲವು ವಾರ ಬಿಗಿ ಪಟ್ಟಿ ಹಾಕಿಕೊಂಡೇ ಇರಬೇಕು. "ಅರಿಶಿನಕ್ಕೆ ಪಟ್ಟಿ ಕಟ್ಕೊಂಡು ಕೂರ್ತೀಯಾ?" ಅಂತ ಕೇಳಿದರಂತೆ.

ಇಡೀ ಪ್ರಕರಣದಲ್ಲಿ ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡ ತೀರ್ಮಾನ ಇದು. "ಇರೋದನ್ನ ಒಪ್ಪಿಕೋ" ಅಂತ ಹೇಳುವುದು ನಮ್ಮಂಥವರಿಗೆ ಸುಲಭ. ಗಂಟು ಅವನದು, ನಮ್ಮದಲ್ಲ. ಆಪರೇಷನ್ ಮಾಡಿಸಿಕೊಂಡು ನೆಮ್ಮದಿಯಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ದಿನಕ್ಕೆ 31 ಸಲ ಎದೆ ನೋಡಿಕೊಳ್ಳುವವನು ಆಪರೇಷನ್ ಮಾಡಿಸಿಕೊಂಡರೆ, ಆಮೇಲೆ ದಿನಕ್ಕೆ 31 ಸಲ ಗಾಯದ ಗುರುತು ನೋಡಿಕೊಳ್ಳುವುದಿಲ್ಲ ಅಂತ ಏನು ಗ್ಯಾರಂಟಿ? ಹಾಗಾಗಿ ನಾವಿಬ್ಬರೂ ಸೇರಿ ಒಂದು ಮಾತು ಮಾಡಿಕೊಂಡೆವು. ನೋಟ್‌ಬುಕ್ಕಿನ ಗೀಟು ದಿನಕ್ಕೆ ಐದಕ್ಕೆ ಇಳಿದು, ಹಾಗೇ ಮೂರು ತಿಂಗಳು ನಿಂತ ಮೇಲೆ ಆಪರೇಷನ್ನಿನ ಮಾತು. ಹಾರ್ಮೋನು ರಿಪೋರ್ಟ್ ಸರಿ ಇರಬೇಕು. ಆಗಲೂ ಬೇಕು ಅನ್ನಿಸಿದರೆ ಮಾಡಿಸಿಕೊಳ್ಳಲಿ.

ಏಣಿ

ಅಲ್ಲಿಂದ ಕೆಲಸ ನಿಧಾನ, ಬೋರು. ಒಂದು ಏಣಿ ಮಾಡಿದೆವು. ಕೆಳಗಿನ ಮೆಟ್ಟಿಲು: ರೂಮಿನಲ್ಲಿ ಒಬ್ಬನೇ ಇದ್ದಾಗ ಅಂಗಿಯಿಲ್ಲದೆ ಹತ್ತು ನಿಮಿಷ ಫ್ಯಾನಿನ ಕೆಳಗೆ ಕೂರುವುದು, ಕನ್ನಡಿ ನೋಡದೆ. ಆಮೇಲೆ ಎರಡು ಬನಿಯನ್ ಬದಲು ಒಂದು. ಆಮೇಲೆ ಬೈಕಿನಲ್ಲಿ ಬ್ಯಾಗು ಬೆನ್ನಿಗೆ. ಆಮೇಲೆ ಆಫೀಸಿಗೆ ತೆಳು ಬಿಳಿ ಅಂಗಿ.

ಬಿಳಿ ಅಂಗಿಯ ದಿನ ಅವನಿಗೊಂದು ಲೆಕ್ಕ ಕೊಟ್ಟಿದ್ದೆ. ಎಷ್ಟು ಜನ ಎದೆ ನೋಡುತ್ತಾರೆ ಅಂತ ಬೆಳಿಗ್ಗೆಯೇ ಬರೆದಿಡಬೇಕು, ಸಂಜೆ ಎಣಿಸಬೇಕು. "ಕಡಿಮೆ ಅಂದ್ರೂ ಹತ್ತು" ಅಂತ ಬರೆದಿದ್ದ. ಸಂಜೆ ಎಣಿಸಿದ್ದು ಒಂದು. ಆ ಒಬ್ಬರೂ ಜೇಬಿನ ಹತ್ತಿರ ಸಾರು ಚೆಲ್ಲಿಕೊಂಡಿದ್ದನ್ನು ತೋರಿಸಿದ್ದು.

ನೀನು ಚೆನ್ನಾಗಿದ್ದೀಯ ಅಂತ ನಾನು ನೂರು ಸಲ ಹೇಳಿದ್ದರೂ ಆ ಸಾರಿನ ಕಲೆ ಮಾಡಿದಷ್ಟು ಕೆಲಸ ಆಗುತ್ತಿರಲಿಲ್ಲ. ನಾಚಿಕೆ ಹೋದ ಮೇಲೆ ಬಿಳಿ ಅಂಗಿ ಹಾಕುತ್ತೇನೆ ಅಂತ ಅವನು ಹದಿನಾಲ್ಕು ವರ್ಷ ಕಾದಿದ್ದ. ನಾಚಿಕೆಯ ಜೊತೆಗೇ ಹಾಕಿಕೊಂಡು ಹೋಗಬೇಕಿತ್ತು, ಅಷ್ಟೇ. ಧೈರ್ಯ ಬಂದಿದೆಯಾ ಅಂತ ನಾನು ಅವನನ್ನು ಒಮ್ಮೆಯೂ ಕೇಳಲಿಲ್ಲ. ಈ ವಾರ ಏನು ಮಾಡಿದೆ ಅಂತ ಮಾತ್ರ ಕೇಳುತ್ತಿದ್ದೆ.

ಮದುವೆಗೆ ಮೂರು ವಾರ ಇರುವಾಗ ಹುಡುಗಿಗೆ ಹೇಳಿದ. ಇದನ್ನು ನಾನು ಒತ್ತಾಯ ಮಾಡಿರಲಿಲ್ಲ. ಎದೆಯ ವಿಷಯಕ್ಕೆ ಅವಳು, "ಅದಕ್ಕಾ ನೀವು ವಿಡಿಯೋ ಕಾಲ್‌ನಲ್ಲಿ ಕತ್ತಿನಿಂದ ಮೇಲಷ್ಟೇ ತೋರಿಸ್ತಿದ್ದಿದ್ದು?" ಅಂದಳು. ಇಂಜೆಕ್ಷನ್ ವಿಷಯಕ್ಕೆ ಮಾತ್ರ ಸಿಟ್ಟಾಗಿ ಎರಡು ದಿನ ಫೋನು ಎತ್ತಲಿಲ್ಲ. ಮಕ್ಕಳ ವಿಷಯ, ಮೊದಲೇ ಹೇಳಬೇಕಿತ್ತು ಅಂತ. ಅವಳ ಸಿಟ್ಟು ನ್ಯಾಯವಾದದ್ದೇ. ಆಮೇಲೆ ಹಾರ್ಮೋನು ತಜ್ಞರ ಹತ್ತಿರ ತಾನೂ ಬರುತ್ತೇನೆ ಅಂದಳು, ಬಂದಳು, ನನಗೆ ಹೊಳೆಯದ ಪ್ರಶ್ನೆಗಳನ್ನೆಲ್ಲ ಕೇಳಿದಳು.

ಅರಿಶಿನದ ದಿನ

ಏಣಿಯ ಮೇಲಿನ ಮೆಟ್ಟಿಲು ಅರಿಶಿನ ಶಾಸ್ತ್ರ. ಇದರಲ್ಲಿ ಅವನು ಗೆದ್ದ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಅಂಗಿ ತೆಗೆಯಲು ಗುಂಡಿಗೆ ಕೈ ಹಾಕಿದವನು ಎದ್ದು ಬಾತ್‌ರೂಮಿಗೆ ಹೋಗಿ ಇಪ್ಪತ್ತು ನಿಮಿಷ ಚಿಲಕ ಹಾಕಿಕೊಂಡ. ಹೊರಗೆ ಸೋದರತ್ತೆ, "ಏನೋ, ಮದುಮಗಳಿಗಿಂತ ನಿನಗೇ ನಾಚಿಕೆ ಜಾಸ್ತಿ ಆಯ್ತಲ್ಲ" ಅಂತ ನಗುತ್ತಿದ್ದರು. ಕೊನೆಗೆ ಬನಿಯನ್ ಹಾಕಿಕೊಂಡೇ ಬಂದು ಕೂತ. ತೆಗಿ ತೆಗಿ ಅಂತ ಶುರುವಾದಾಗ ಅಣ್ಣ ಅಡ್ಡ ನಿಂತು, "ಥಂಡಿ ಇದೆ, ಇರ್ಲಿ ಬಿಡಿ" ಅಂದ. ಏಪ್ರಿಲ್ ತಿಂಗಳು! ಯಾರೂ ಮತ್ತೆ ಕೇಳಲಿಲ್ಲ.

ಸೋತೆ ಅಂತ ಮೆಸೇಜು ಹಾಕಿದ್ದ. ನನಗೆ ಹಾಗನ್ನಿಸಲಿಲ್ಲ. ಬಂದಾಗ ಶಾಸ್ತ್ರವನ್ನೇ ತಪ್ಪಿಸುವ ದಾರಿ ಹುಡುಕುತ್ತಿದ್ದವನು ಹಳದಿ ಬನಿಯನ್ನಿನಲ್ಲಿ ಎಲ್ಲ ಫೋಟೋದಲ್ಲೂ ಇದ್ದಾನೆ. ಹಾಗಂತ ನನ್ನ ತಪ್ಪನ್ನೂ ಹೇಳಬೇಕು. ಎಂಟು ವಾರದಲ್ಲಿ ಅಷ್ಟು ದೊಡ್ಡ ಮೆಟ್ಟಿಲು ಇಟ್ಟದ್ದೇ ಅವಸರ. ಮದುವೆಯ ತಾರೀಖು ನಮ್ಮ ಕೆಲಸದ ತಾರೀಖಾಗಬಾರದಿತ್ತು. ಅಣ್ಣ ಹೂಡಿದ ಉಪಾಯವನ್ನು ನಾನೇ ಮೊದಲು ಯೋಚಿಸಿಡಬಹುದಿತ್ತು. ಇನ್ನು ಮುಂದೆ ಇಂಥ ಹುಡುಗರು ಬಂದರೆ ಮನೆಯವರಲ್ಲಿ ಒಬ್ಬರನ್ನು ಮೊದಲ ವಾರವೇ ಜೊತೆಗೆ ಸೇರಿಸಿಕೊಳ್ಳುತ್ತೇನೆ, ಹುಡುಗ ಒಪ್ಪಿದರೆ. ಜಿಮ್ಮಿಗೆ ಹೋಗುತ್ತೇನೆ ಅಂದವನಿಗೆ ಕೋರ್ಸಿನ ಪ್ರಶ್ನೆಯನ್ನೂ ಮೊದಲ ದಿನವೇ, ಮುಖ ಗಂಟಿಕ್ಕದೆ ಕೇಳುತ್ತೇನೆ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಟೆಸ್ಟೊಸ್ಟೆರಾನ್ ಮೂರು ತಿಂಗಳ ಪರೀಕ್ಷೆಯಲ್ಲಿ ಏರತೊಡಗಿತ್ತು, ಆರನೇ ತಿಂಗಳಿಗೆ ಸರಿಯಾಯಿತು. ಗೀಟು ಐದಕ್ಕೆ ಇಳಿಯಲು ಏಳು ತಿಂಗಳು ಬೇಕಾಯಿತು, ನಡುವೆ ಎರಡು ಸಲ ಇಪ್ಪತ್ತಕ್ಕೆ ಏರಿತ್ತು. ಮದುವೆಯಾದ ಹದಿನಾಲ್ಕು ತಿಂಗಳಿಗೆ ಆಪರೇಷನ್ ಮಾಡಿಸಿಕೊಂಡ. ಬೇಡ ಅನ್ನುತ್ತಾನೇನೋ ಅಂತ ನನಗೆ ಒಳಗೊಳಗೆ ಆಸೆ ಇತ್ತು. ಅದು ನನ್ನ ಆಸೆ, ಅವನದಲ್ಲ. ಎಡಗಡೆ ಸ್ವಲ್ಪ ಏರುತಗ್ಗು ಉಳಿದಿದೆ. ಕೊನೆಯ ಸಲ ಬಂದಾಗ ಅದನ್ನು ಒಂದು ವಾಕ್ಯದಲ್ಲಿ ಹೇಳಿ, ಬಾಡಿಗೆ ಮನೆಯ ನೀರಿನ ತೊಂದರೆಯ ಬಗ್ಗೆ ಅರ್ಧ ಗಂಟೆ ಮಾತಾಡಿದ.

ಆದರೆ ಅವನು ನೆನಪಾದಾಗೆಲ್ಲ ನನಗೆ ಹೊಳೆಯುವುದು ಆಪರೇಷನ್‌ಗಿಂತ ಎಷ್ಟೋ ಮೊದಲಿನ ಒಂದು ಭೇಟಿ. ಮದುವೆಯಾಗಿ ಆರು ವಾರ. ಮನೆಯವರೆಲ್ಲ ಸೇರಿ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದರು. ಆ ಮೆಟ್ಟಿಲು ನಮ್ಮ ಏಣಿಯಲ್ಲೇ ಇರಲಿಲ್ಲ, ನಾನು ಇಟ್ಟಿರಲಿಲ್ಲ. ಸಾಲಿನಲ್ಲಿ ನಿಂತಾಗ ಸುತ್ತ ಎಲ್ಲರೂ ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಇವನೂ ಹಾಕಿಕೊಂಡ. ಹೊಟ್ಟೆ ಜೋತವರು, ಆಪರೇಷನ್ ಹೊಲಿಗೆ ಇದ್ದವರು, ಪಕ್ಕೆಲುಬು ಎಣಿಸಬಹುದಾದವರು, ಬೆನ್ನ ಮೇಲೆ ಕರಡಿಯಂಥ ಕೂದಲಿದ್ದವರು. ಎಲ್ಲರೂ ಮುಂದಿನವರ ತಲೆಯಾಚೆ ಇಣುಕಿ ದೇವರನ್ನು ಹುಡುಕುತ್ತಿದ್ದರು.

"ಸಾರ್, ಅಲ್ಲಿದ್ದ ಅರ್ಧ ಗಂಡಸರಿಗೆ ನನಗಿಂತ ಜಾಸ್ತಿ ಇತ್ತು" ಅಂದ. ಹದಿನಾಲ್ಕು ವರ್ಷದಲ್ಲಿ ಅವನು ಬೇರೆಯವರ ಎದೆ ನೋಡಿದ್ದು ಅದೇ ಮೊದಲಿರಬೇಕು.

ಹಾಗಾದರೆ ಚಪ್ಪಲಿ ಯಾರು ಕಾದರು ಅಂತ ಕೇಳಿದೆ.

"ಯಾರೂ ಇಲ್ಲ ಸಾರ್. ಅಪ್ಪಂದು ಹೊಸ ಜೊತೆ, ಹೋಯ್ತು."